ಅಂತರರಾಷ್ಟ್ರೀಯ ಅಧ್ಯಯನ ಓದಿದವರು ಏನಾಗುತ್ತಾರೆ?

ಪಿಯುಸಿ ಫಲಿತಾಂಶ ಬಂದು ಪದವಿ ಪ್ರವೇಶ ಶುರುವಾಗುವ ವಾರಗಳಲ್ಲಿ ಅಂತರರಾಷ್ಟ್ರೀಯ ಅಧ್ಯಯನದ ಬಗ್ಗೆ ವಿಚಾರಿಸುವ ಮನೆಗಳು ಈಗ ಹೆಚ್ಚಾಗಿವೆ. ಕೆಲವು ಅಪ್ಪ–ಅಮ್ಮಂದಿರ ಪಾಲಿಗೆ ಇದು ನೇರವಾಗಿ ರಾಯಭಾರ ಕಚೇರಿಗೆ ಹೋಗುವ ದಾರಿ. ಇನ್ನು ಕೆಲವರ ಪಾಲಿಗೆ ಹಳೆಯ ಬಿ.ಎ.ಗೇ ಹೊಸ ಹೆಸರಿಟ್ಟು ಹೆಚ್ಚು ಫೀಸು ಕೇಳುವ ಕೋರ್ಸು. ಮೊದಲನೆಯದನ್ನು ನಂಬಿ ಸೇರಿದ ಮಕ್ಕಳು ಮೂರನೇ ವರ್ಷದಲ್ಲಿ ದಿಕ್ಕು ತೋಚದೆ ನಿಲ್ಲುತ್ತಾರೆ. ಎರಡನೆಯದನ್ನು ನಂಬಿದವರು ಮನಸ್ಸಿಗೆ ಒಪ್ಪುವ ಓದನ್ನು ಬಿಟ್ಟು ಮತ್ತೆಲ್ಲೋ ಸೇರುತ್ತಾರೆ. ಈ ವಿಷಯವನ್ನು ಪಾಠ ಹೇಳುವ ನನಗೆ ಎರಡೂ ನಷ್ಟವೇ ಆಗಿ ಕಾಣುತ್ತವೆ. ಹಾಗಾಗಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ತಪ್ಪು ಕಲ್ಪನೆ: ಇದನ್ನು ಓದಿದರೆ ವಿದೇಶಾಂಗ ಸೇವೆ ಸೇರಬಹುದು, ರಾಯಭಾರಿಯಾಗಬಹುದು.

ವಾಸ್ತವ: ಸೇರಬಹುದು, ಆದರೆ ಅದಕ್ಕೆ ಈ ಪದವಿಯೇ ಬೇಕೆಂದಿಲ್ಲ, ಈ ಪದವಿ ಇದ್ದರೆ ಸಾಕೆಂದೂ ಇಲ್ಲ. ಭಾರತೀಯ ವಿದೇಶಾಂಗ ಸೇವೆಯ ಮುಖ್ಯ ಬಾಗಿಲು ಯುಪಿಎಸ್‌ಸಿ ನಡೆಸುವ ನಾಗರಿಕ ಸೇವಾ ಪರೀಕ್ಷೆ. ಅದಕ್ಕೆ ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ನಿರುಪಮಾ ರಾವ್ ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು. 1973ರಲ್ಲಿ ಸೇವೆ ಸೇರಿ, 2009ರಿಂದ 2011ರವರೆಗೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದರು. ಈಗಿನ ವಿದೇಶಾಂಗ ಸಚಿವ ಎಸ್. ಜೈಶಂಕರ್ ಪದವಿಯಲ್ಲಿ ಓದಿದ್ದು ರಸಾಯನಶಾಸ್ತ್ರ. ಜೆಎನ್‌ಯುವಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಉನ್ನತ ವ್ಯಾಸಂಗ ಮಾಡಿದ್ದು ಆಮೇಲೆ. ಇತ್ತೀಚಿನ ತಂಡಗಳಲ್ಲಂತೂ ಎಂಜಿನಿಯರುಗಳೂ ವೈದ್ಯರೂ ಧಾರಾಳವಾಗಿದ್ದಾರೆ.

ಸಂಖ್ಯೆಯನ್ನೂ ನೋಡಬೇಕು. ಈ ಪರೀಕ್ಷೆಗೆ ಅರ್ಜಿ ಹಾಕುವವರು ವರ್ಷಕ್ಕೆ ಸುಮಾರು ಹತ್ತು ಲಕ್ಷ. 2023ರ ಪರೀಕ್ಷೆಯಲ್ಲಿ ಎಲ್ಲ ಸೇವೆಗಳಿಗೂ ಸೇರಿ ಆಯ್ಕೆಯಾದವರು 1,016 ಮಂದಿ, ಆ ಸಲ ವಿದೇಶಾಂಗ ಸೇವೆಗೆ ಇದ್ದ ಹುದ್ದೆ 37. ಹದಿನೆಂಟರ ವಯಸ್ಸಿನ ಮಗುವಿನ ಭವಿಷ್ಯವನ್ನೆಲ್ಲ ಆ 37ರ ಮೇಲೆ ಪಣಕ್ಕಿಡುವುದು ನ್ಯಾಯವಲ್ಲ. ಪರೀಕ್ಷೆ ಬರೆಯಲಿ, ಆದರೆ ಜೊತೆಗೆ ಇನ್ನೊಂದು ದಾರಿಯನ್ನೂ ಬೆಳೆಸಿಕೊಂಡಿರಲಿ. ಈ ಓದು ಪರೀಕ್ಷೆಗೆ ನೆರವಾಗುವುದು ನಿಜ: 'ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು' ಎಂಬ ಐಚ್ಛಿಕ ವಿಷಯಕ್ಕೆ 500 ಅಂಕಗಳಿವೆ, ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಯಲ್ಲೂ ಇದರ ಭಾಗವಿದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಮತ್ತೊಂದು ಬಾಗಿಲೂ ಇದೆ. ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆ, ಅಂದರೆ ಎಸ್‌ಎಸ್‌ಸಿ ಸಿಜಿಎಲ್ ಮೂಲಕ ವಿದೇಶಾಂಗ ಸಚಿವಾಲಯಕ್ಕೆ ಸಹಾಯಕ ಸೆಕ್ಷನ್ ಅಧಿಕಾರಿಗಳನ್ನು ತೆಗೆದುಕೊಳ್ಳುತ್ತಾರೆ. ಅವರಿಗೂ ಹೊರದೇಶದ ಕಚೇರಿಗಳಲ್ಲಿ ಸರದಿ ಸಿಗುತ್ತದೆ. ರಾಯಭಾರ ಕಚೇರಿಯ ದಿನನಿತ್ಯದ ಆಡಳಿತ ನಡೆಯುವುದು ಇಂಥವರ ಕೈಯಲ್ಲೇ.

ತಪ್ಪು ಕಲ್ಪನೆ: ಇದು ಜನರಲ್ ನಾಲೆಡ್ಜ್. ದಿನಾ ಪೇಪರ್ ಓದಿದರೆ ಸಾಕು, ಅದಕ್ಕೊಂದು ಡಿಗ್ರಿ ಯಾಕೆ?

ವಾಸ್ತವ: ರಾಜಧಾನಿಗಳ ಹೆಸರು, ಕರೆನ್ಸಿ, ಯಾವ ಶೃಂಗಸಭೆ ಎಲ್ಲಿ ನಡೆಯಿತು ಎಂಬುದನ್ನು ಬಾಯಿಪಾಠ ಮಾಡುವುದು ಕ್ವಿಜ್‌ಗೆ ಆದೀತು. ವಿಶ್ವವಿದ್ಯಾಲಯದಲ್ಲಿ ಕಲಿಯುವುದು ಇತಿಹಾಸ, ಅಂತರರಾಷ್ಟ್ರೀಯ ಕಾನೂನು, ವ್ಯಾಪಾರದ ಅರ್ಥಶಾಸ್ತ್ರ, ಯುದ್ಧ ಮತ್ತು ಶಾಂತಿಯ ಸಿದ್ಧಾಂತಗಳು, ಸಂಶೋಧನಾ ವಿಧಾನ. ಈ ವಿಷಯಕ್ಕೆ ಮೊದಲ ಅಧ್ಯಯನ ಪೀಠ ಹುಟ್ಟಿದ್ದು ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ವೇಲ್ಸ್‌ನ ಅಬರಿಸ್ಟ್ವಿತ್‌ ಎಂಬ ಕರಾವಳಿ ಊರಿನಲ್ಲಿ. ಅಂಥ ಯುದ್ಧ ಯಾಕೆ ಆಯಿತು, ಮತ್ತೆ ಆಗದಂತೆ ತಡೆಯುವುದು ಹೇಗೆ ಎಂಬ ಸಂಕಟದ ಪ್ರಶ್ನೆಯೇ ಅದರ ಮೂಲ.

ಪಠ್ಯವೆಲ್ಲ ಪಶ್ಚಿಮದ್ದೇ ಎಂದು ಭಾವಿಸಬೇಕಾಗಿಲ್ಲ. ನೆರೆಯವನು ಶತ್ರು, ಶತ್ರುವಿನ ನೆರೆಯವನು ಮಿತ್ರ ಎಂದು ರಾಜ್ಯಗಳನ್ನು ಸುತ್ತುಸುತ್ತಾಗಿ ಜೋಡಿಸುವ ಕೌಟಿಲ್ಯನ ಮಂಡಲ ಸಿದ್ಧಾಂತವನ್ನು ಈಗ ಹೊರದೇಶದ ತರಗತಿಗಳಲ್ಲೂ ಚರ್ಚಿಸುತ್ತಾರೆ. ಕಣ್ಮರೆಯಾಗಿತ್ತು ಎಂದುಕೊಂಡಿದ್ದ 'ಅರ್ಥಶಾಸ್ತ್ರ' ಸಿಕ್ಕಿದ್ದು ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಗಳಲ್ಲಿ ಅದನ್ನು ಗುರುತಿಸಿದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಮೈಸೂರಿನ ಮಕ್ಕಳು ಇದನ್ನು ಹೆಮ್ಮೆಯಿಂದಲೇ ಓದಬೇಕು.

ಪೇಪರ್ ಓದುವುದಕ್ಕೂ ಈ ಓದಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ನಾನು ಅಡಿಕೆಯ ಸಂಗತಿ ಎತ್ತುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ ಷರತ್ತಿಲ್ಲದೆ ತರಿಸಲು ಅನುಮತಿ ಕೊಟ್ಟಿತು. ಮಲೆನಾಡು, ಕರಾವಳಿಗಳಲ್ಲಿ ವಿರೋಧ ಎದ್ದಿತು. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಪೇಪರಿನಲ್ಲಿ ಇದು ಎರಡು ಸುದ್ದಿ. ತರಗತಿಯಲ್ಲಿ ಇದೇ ಒಂದು ವಾರದ ಪಾಠವಾಗುತ್ತದೆ. ಭೂತಾನ್‌ನಂಥ ಪುಟ್ಟ ನೆರೆಯ ದೇಶಕ್ಕೆ ಭಾರತ ಯಾಕೆ ರಿಯಾಯಿತಿ ಕೊಡುತ್ತದೆ? 2017ರಲ್ಲಿ ಡೋಕ್ಲಾಂನಲ್ಲಿ ಚೀನಾದ ಸೇನೆಯೂ ನಮ್ಮ ಸೇನೆಯೂ ಎದುರುಬದುರು ನಿಂತದ್ದಕ್ಕೂ ಇದಕ್ಕೂ ನಂಟಿದೆಯೇ, ಇದೆ ಎನ್ನಲು ಪುರಾವೆ ಏನು? ಸಾಮಾನ್ಯವಾಗಿ ಅಡಿಕೆಗೆ ಶೇ 100 ಆಮದು ಸುಂಕ ಇರುವಾಗ, ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದಡಿ ಬರುವ ಅಡಿಕೆಗೆ ಯಾವ ನಿಯಮ? ಬೇರೆ ದೇಶದ ಸರಕು ಶ್ರೀಲಂಕಾದ್ದೆಂಬ ಪ್ರಮಾಣಪತ್ರ ಹೊತ್ತು ಬಂದರೆ ಪತ್ತೆ ಹಚ್ಚುವುದು ಹೇಗೆ? ಶಿರಸಿಯ ಬೆಳೆಗಾರರ ಆತಂಕಕ್ಕೂ ಥಿಂಪುವಿನ ಜೊತೆಗಿನ ಸ್ನೇಹಕ್ಕೂ ನಡುವೆ ದೆಹಲಿ ತೂಗಿ ನೋಡುವುದು ಯಾವ ಲೆಕ್ಕದಲ್ಲಿ? ಒಂದು ಅಧಿಸೂಚನೆಯ ಹಿಂದೆ ಇಷ್ಟು ಪ್ರಶ್ನೆಗಳಿವೆ ಎಂದು ಕಾಣುವ ಕಣ್ಣು ಒಂದೆರಡು ತಿಂಗಳಲ್ಲಿ ಬರುವುದಿಲ್ಲ. ಅದಕ್ಕೇ ಮೂರು ವರ್ಷ ಬೇಕು.

ತಪ್ಪು ಕಲ್ಪನೆ: ಹೆಣ್ಣುಮಕ್ಕಳಿಗೆ ಇದು ಆಗಿಬರುವ ಕ್ಷೇತ್ರವಲ್ಲ. ಊರೂರು, ದೇಶದೇಶ ತಿರುಗಬೇಕು. ಮದುವೆ, ಮನೆ ಆದ ಮೇಲೆ ಕಷ್ಟ.

ವಾಸ್ತವ: ಈ ಮಾತಿಗೆ ಉತ್ತರ ನಮ್ಮ ಕೊಡಗಿನಲ್ಲೇ ಇದೆ. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಗೆದ್ದ ಮೊದಲ ಮಹಿಳೆ. 1949ರಲ್ಲಿ ವಿದೇಶಾಂಗ ಸೇವೆ ಸೇರಿದರು. ಆ ಕಾಲದ ನಿಯಮಗಳು ಹೇಗಿದ್ದವೆಂದರೆ, ಸೇವೆಯಲ್ಲಿರುವ ಮಹಿಳೆ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆಯನ್ನೂ ಕೇಳಬಹುದಿತ್ತು. ಮದುವೆಯಾದ ಹೆಣ್ಣಿಗೆ ನೇಮಕ ಹಕ್ಕಲ್ಲ ಎಂಬ ಇನ್ನೊಂದು ನಿಯಮವೂ ಇತ್ತು. ಗಂಡಸರಿಗೆ ಇಂಥದ್ದೇನೂ ಇರಲಿಲ್ಲ. ಬಡ್ತಿ ನಿರಾಕರಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಆ ನಿಯಮಗಳ ತಾರತಮ್ಯವನ್ನು ಕಟುವಾದ ಮಾತುಗಳಲ್ಲಿ ಖಂಡಿಸಿತು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಡಬೇಕಾಯಿತು, ನಿಯಮಗಳಿಂದ ಹಿಂದೆ ಸರಿಯಬೇಕಾಯಿತು. ಇಂದು ಸೇವೆ ಸೇರುವ ಪ್ರತಿ ಹೆಣ್ಣುಮಗಳೂ ಆ ಒಂದು ಅರ್ಜಿಗೆ ಋಣಿ. ನಮ್ಮ ಹೈಸ್ಕೂಲು ಪಾಠಗಳಲ್ಲಿ ಮುತ್ತಮ್ಮನವರ ಹೆಸರು ಇನ್ನೂ ದೊಡ್ಡದಾಗಿ ಕೇಳಿಬರಬೇಕಿತ್ತು ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ.

ತಪ್ಪು ಕಲ್ಪನೆ: ವಿಶ್ವಸಂಸ್ಥೆಯಲ್ಲಿ ಕೆಲಸ ಸಿಗುತ್ತದೆ.

ವಾಸ್ತವ: ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಹುಡುಕುವುದು ರೋಗತಜ್ಞರನ್ನು, ಅಂಕಿಅಂಶ ತಜ್ಞರನ್ನು, ನೀರಾವರಿ ಬಲ್ಲವರನ್ನು, ಲೆಕ್ಕಪತ್ರ ನೋಡುವವರನ್ನು, ಸರಕು ಸಾಗಣೆ ಗೊತ್ತಿರುವವರನ್ನು. 'ಅಂತರರಾಷ್ಟ್ರೀಯ ಸಂಬಂಧಗಳು ಗೊತ್ತು' ಎಂಬುದೊಂದೇ ಅಲ್ಲಿ ಅರ್ಹತೆಯಾಗುವ ಹುದ್ದೆಗಳು ಕಡಿಮೆ. 32 ವರ್ಷದೊಳಗಿನವರಿಗೆ ಯುವ ವೃತ್ತಿಪರರ ಪರೀಕ್ಷೆ ಇದೆ. ಆದರೆ ಆ ವರ್ಷದ ದೇಶಗಳ ಪಟ್ಟಿಯಲ್ಲಿ ಭಾರತ ಇದ್ದರೆ ಮಾತ್ರ ನಮ್ಮವರು ಬರೆಯಬಹುದು. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವಿಲ್ಲ. ನ್ಯೂಯಾರ್ಕ್ ಅಥವಾ ಜಿನೀವಾದಲ್ಲಿ ಕೆಲವು ತಿಂಗಳು ಸ್ವಂತ ಖರ್ಚಿನಲ್ಲಿ ಇರಬಲ್ಲ ಮನೆಯ ಮಕ್ಕಳಿಗಷ್ಟೇ ಅದು ಎಟುಕುತ್ತದೆ. ಇದು ಅನ್ಯಾಯ, ಅಂದಮೇಲೆ ಪ್ರವೇಶದ ಹೊತ್ತಿನಲ್ಲೇ ಇದನ್ನು ಹೇಳಬೇಕು. 2025ರಲ್ಲಿ ಅಮೆರಿಕ ತನ್ನ ನೆರವು ಸಂಸ್ಥೆ ಯುಎಸ್‌ಏಡ್ ಅನ್ನು ಮುಚ್ಚಿದ ಮೇಲೆ ಈ ವಲಯದಲ್ಲಿ ಹಣವೂ ಕೆಲಸವೂ ಇನ್ನಷ್ಟು ಕುಗ್ಗಿವೆ. ಈ ಕನಸು ಇರುವವರು ಪದವಿಯ ಜೊತೆಗೆ ಸಾರ್ವಜನಿಕ ಆರೋಗ್ಯವನ್ನೋ ದತ್ತಾಂಶ ವಿಶ್ಲೇಷಣೆಯನ್ನೋ ಕಲಿತು, ಫ್ರೆಂಚ್ ಅಥವಾ ಅರೇಬಿಕ್ ಸೇರಿಸಿಕೊಂಡು, ನಮ್ಮದೇ ಜಿಲ್ಲೆಗಳಲ್ಲಿ ಒಂದಷ್ಟು ವರ್ಷ ಕೆಲಸ ಮಾಡಿ ಆಮೇಲೆ ಅರ್ಜಿ ಹಾಕುವುದು ವಾಸಿ.

ತಪ್ಪು ಕಲ್ಪನೆ: ವಿದೇಶದಲ್ಲಿ ಓದಿದರೆ ಮಾತ್ರ ಬೆಲೆ.

ವಾಸ್ತವ: ಭಾರತದಲ್ಲಿ ಈ ಓದಿಗೆ ಎಪ್ಪತ್ತು ವರ್ಷದ ಪರಂಪರೆ ಇದೆ. 1955ರಲ್ಲಿ ದೆಹಲಿಯ ಸಪ್ರೂ ಹೌಸ್‌ನಲ್ಲಿ ಶುರುವಾದ ಅಂತರರಾಷ್ಟ್ರೀಯ ಅಧ್ಯಯನ ಶಾಲೆ 1970ರಲ್ಲಿ ಜೆಎನ್‌ಯುವಿಗೆ ಸೇರಿತು. ಪಶ್ಚಿಮ ಏಷ್ಯಾ, ಆಫ್ರಿಕಾ, ಪೂರ್ವ ಏಷ್ಯಾ, ರಷ್ಯಾ ಹೀಗೆ ಒಂದೊಂದು ಪ್ರದೇಶಕ್ಕೂ ಅಲ್ಲಿ ಕೇಂದ್ರಗಳಿವೆ. ಬೋಧನಾ ಶುಲ್ಕ ವರ್ಷಕ್ಕೆ ಕೆಲವೇ ನೂರು ರೂಪಾಯಿ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ವಿಭಾಗವೂ ಅಷ್ಟೇ ಹಳೆಯದು. ಹತ್ತಿರದಲ್ಲೇ ಬೇಕೆಂದರೆ ಮಣಿಪಾಲದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ, ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಪದವಿಯಿದೆ. ಅಲ್ಲಿ ಫೀಸು ಎಷ್ಟೋ ಪಟ್ಟು ಹೆಚ್ಚು.

ಸಾಲ ಮಾಡಿ ಹೊರಗೆ ಹೋಗುವವರು ಒಂದು ಲೆಕ್ಕ ತಿಳಿದಿರಬೇಕು. ಅಮೆರಿಕದಲ್ಲಿ ಓದು ಮುಗಿದ ಮೇಲೆ ಕೆಲಸ ಮಾಡಲು ವಿದ್ಯಾರ್ಥಿ ವೀಸಾದಡಿ ಸಿಗುವ ಅವಧಿ 12 ತಿಂಗಳು. ವಿಜ್ಞಾನ, ತಂತ್ರಜ್ಞಾನದ ಪದವಿಗಳಿಗೆ ಸಿಗುವ ಹೆಚ್ಚುವರಿ 24 ತಿಂಗಳು ಅಂತರರಾಷ್ಟ್ರೀಯ ಸಂಬಂಧಗಳ ಪದವಿಗೆ ಸಾಮಾನ್ಯವಾಗಿ ಸಿಗದು. ಕಂಪ್ಯೂಟರ್ ವಿಜ್ಞಾನ ಓದಿದ ಅಣ್ಣ ಸಾಲ ತೀರಿಸಿದ ಹಾಗೆ ತಂಗಿಯೂ ತೀರಿಸುತ್ತಾಳೆ ಎಂದು ಮನೆ ಅಡ ಇಡಬೇಡಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಪೂರ್ತಿ ಖರ್ಚು ಹೊರುತ್ತದೆ, ಆದರೆ ಎರಡು ವರ್ಷದಷ್ಟು ಕೆಲಸದ ಅನುಭವ ಕೇಳುತ್ತದೆ, ಓದು ಮುಗಿಸಿ ಊರಿಗೆ ಮರಳುವ ಷರತ್ತನ್ನೂ ಹಾಕುತ್ತದೆ. ಹಾಗಾಗಿ ಇಲ್ಲಿ ಎಂ.ಎ. ಮುಗಿಸಿ, ಕೆಲಸ ಮಾಡಿ, ಬೇರೆಯವರ ಖರ್ಚಿನಲ್ಲಿ ಹೊರಗೆ ಹೋಗುವ ಕ್ರಮವೇ ನನಗೆ ಸರಿ ಕಾಣುತ್ತದೆ.

ತಪ್ಪು ಕಲ್ಪನೆ: ಕನ್ನಡ ಮಾಧ್ಯಮದವರಿಗೆ ಸಾಧ್ಯವಿಲ್ಲ.

ವಾಸ್ತವ: ಕಷ್ಟವಿದೆ, ಅದನ್ನು ಮುಚ್ಚಿಡಬಾರದು. ಈ ವಿಷಯದ ಪುಸ್ತಕಗಳೂ ಲೇಖನಗಳೂ ಬಹುತೇಕ ಇಂಗ್ಲಿಷಿನಲ್ಲಿವೆ. ಮೊದಲ ವರ್ಷ ಒಂದೊಂದು ಪುಟಕ್ಕೂ ಒದ್ದಾಡಬೇಕಾಗುತ್ತದೆ. ಆದರೆ ಅದು ಓದುವ ಇಂಗ್ಲಿಷ್. ಠಸ್ ಠುಸ್ ಎಂದು ಮಾತಾಡುವ ಇಂಗ್ಲಿಷಿನ ಜೊತೆ ಅದನ್ನು ಕಲಸಿಕೊಂಡು ಮಕ್ಕಳು ಹೆದರುತ್ತಾರೆ. ನಿಧಾನವಾಗಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುವ ರೂಢಿ ಇರುವ ಹಳ್ಳಿಯ ಹುಡುಗ ಹುಡುಗಿಯರು ಎರಡನೇ ವರ್ಷಕ್ಕೆ ಮುಂದೆ ಬಂದುಬಿಡುತ್ತಾರೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಇಂಗ್ಲಿಷಿನ ಕಡ್ಡಾಯ ಪತ್ರಿಕೆಯಲ್ಲಿ ಪಾಸಾದರೆ ಸಾಕು, ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ.

ಮೂರನೆಯದೊಂದು ಭಾಷೆಯನ್ನು ಮಾತ್ರ ಬಿಡಬೇಡಿ. ಜಪಾನಿ, ಜರ್ಮನ್, ಫ್ರೆಂಚ್, ಚೀನಿ, ಅರೇಬಿಕ್, ಯಾವುದಾದರೂ ಸರಿ. ಮೊದಲ ವರ್ಷವೇ ಶುರುಮಾಡಿದರೆ ಪದವಿ ಮುಗಿಯುವ ಹೊತ್ತಿಗೆ ಕೈಯಲ್ಲೊಂದು ಕಸುಬು ಇರುತ್ತದೆ.

ತಪ್ಪು ಕಲ್ಪನೆ: ಕೆಲಸ ಇಲ್ಲ. ಇದ್ದರೂ ದೆಹಲಿಯಲ್ಲೇ.

ವಾಸ್ತವ: ಈ ಪದವಿಗೆಂದೇ ಕ್ಯಾಂಪಸ್ಸಿಗೆ ಬಂದು ನಿಲ್ಲುವ ಕಂಪನಿಗಳು ಇಲ್ಲ ಎನ್ನುವಷ್ಟು ಕಡಿಮೆ, ಅದು ನಿಜ. 'ಅಂತರರಾಷ್ಟ್ರೀಯ ಅಧ್ಯಯನ ಅಧಿಕಾರಿ' ಎಂಬ ಹುದ್ದೆ ಎಲ್ಲೂ ಇಲ್ಲ. ಕೆಲಸಗಳು ಬೇರೆ ಹೆಸರಿನಲ್ಲಿ ಅಡಗಿವೆ, ಹುಡುಕುವವರೇ ಹುಡುಕಬೇಕು.

ಬೆಂಗಳೂರನ್ನೇ ನೋಡಿ. ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್, ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ದೇಶಗಳ ಕಚೇರಿಗಳು ಇಲ್ಲಿವೆ. 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಕೂಡ ಬಂತು. ಇವುಗಳಲ್ಲಿ ವ್ಯಾಪಾರ, ಶಿಕ್ಷಣ, ಮಾಧ್ಯಮ ವಿಭಾಗಗಳಿಗೆ ಸ್ಥಳೀಯರನ್ನು ತೆಗೆದುಕೊಳ್ಳುತ್ತಾರೆ. ಕನ್ನಡ ಪತ್ರಿಕೆಗಳನ್ನು ಓದಿ ಸಾರ ಬರೆದುಕೊಡಬಲ್ಲವರಿಗೆ ಅಲ್ಲಿ ಬೆಲೆ ಇದೆ. ಇನ್ನೊಂದು ಕಡೆ ಬ್ಯಾಂಕುಗಳೂ ಬಹುರಾಷ್ಟ್ರೀಯ ಕಂಪನಿಗಳೂ ಇವೆ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿ ಪಶ್ಚಿಮದ ದೇಶಗಳು ನಿರ್ಬಂಧದ ಮೇಲೆ ನಿರ್ಬಂಧ ಹೇರಿದ ಮೇಲೆ, ಯಾರ ಜೊತೆ ವ್ಯವಹರಿಸಬಹುದು, ಯಾವ ಹಡಗಿನ ಮಾಲೀಕ ಯಾರು, ಯಾವ ಯಂತ್ರದ ರಫ್ತಿಗೆ ಪರವಾನಗಿ ಬೇಕು ಎಂದು ದಿನವಿಡೀ ಪರಿಶೀಲಿಸುವ ಕೆಲಸ ಬೆಳೆದಿದೆ. ಕಡತಗಳ ನಡುವೆ ಕೂತು ಮಾಡುವ, ಮಿಂಚಿಲ್ಲದ ಕೆಲಸ. ಆದರೆ ತಿಂಗಳ ಸಂಬಳ ಸರಿಯಾಗಿ ಬರುತ್ತದೆ, ತರಗತಿಯಲ್ಲಿ ಕಲಿತದ್ದು ನೇರ ಬಳಕೆಗೆ ಬರುತ್ತದೆ.

ಕಾಫಿ ಸೀಮೆಯಲ್ಲಿ ಇನ್ನೂ ಹೊಸ ಕೆಲಸ ಹುಟ್ಟುತ್ತಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವುದು ಕರ್ನಾಟಕ, ಅದರ ದೊಡ್ಡ ಮಾರುಕಟ್ಟೆ ಯುರೋಪ್. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಒಳಗೆ ಬಿಡುವುದಿಲ್ಲ ಎಂದು ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಜಾರಿಯ ದಿನಾಂಕ ಮುಂದಕ್ಕೆ ಹೋಗಿದೆ, ಆದರೆ ತೋಟದ ಅಕ್ಷಾಂಶ ರೇಖಾಂಶ ಸಮೇತ ದಾಖಲೆ ಕೊಡುವ ಹೊಣೆ ತಪ್ಪುವುದಿಲ್ಲ. ಚಿಕ್ಕಮಗಳೂರಿನ ಮೂರೆಕರೆಯ ಬೆಳೆಗಾರರಿಗೆ ಬ್ರಸೆಲ್ಸ್‌ನ ಆ ನಿಯಮವನ್ನು ಬಿಡಿಸಿ ಹೇಳಿ, ಕಾಗದಪತ್ರ ಹೊಂದಿಸಿಕೊಡುವವರು ರಫ್ತುದಾರರಿಗೂ ಬೇಕು, ಬೆಳೆಗಾರರ ಸಂಘಗಳಿಗೂ ಬೇಕು. ಈ ಕೆಲಸಕ್ಕೆ ಕನ್ನಡ ಬಲ್ಲ ಪದವೀಧರರೇ ಆಗಬೇಕು.

ಸಂಶೋಧನೆಯ ಒಲವಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ತಕ್ಷಶಿಲಾ ಸಂಸ್ಥೆ ಬೆಂಗಳೂರಿನಲ್ಲೇ ಇವೆ. ಆರಂಭದ ಸಂಬಳ ದೊಡ್ಡದಲ್ಲ, ಹುದ್ದೆಗಳೂ ಬೆರಳೆಣಿಕೆ. ಅಧ್ಯಾಪಕರಾಗಲು ಹೊರಟವರಿಗೆ ಒಂದು ಎಚ್ಚರಿಕೆ: ನಮ್ಮ ಸರ್ಕಾರಿ ಕಾಲೇಜುಗಳ ಹುದ್ದೆ ಪ್ರಕಟವಾಗುವುದು 'ರಾಜ್ಯಶಾಸ್ತ್ರ' ಎಂಬ ಹೆಸರಿನಲ್ಲಿ. ನೀವು ಸೇರುತ್ತಿರುವ ಎಂ.ಎ. ಪದವಿಯನ್ನು ಅದಕ್ಕೆ ಸಮಾನವೆಂದು ಒಪ್ಪುತ್ತಾರೆಯೇ ಎಂಬುದನ್ನು ಸೇರುವ ಮುಂಚೆ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಎರಡು ವರ್ಷ ಓದಿ, ನೆಟ್ ಪಾಸಾಗಿ, ಕೊನೆಗೆ ಅರ್ಜಿ ತಿರಸ್ಕಾರವಾದರೆ ಯಾರೂ ಹೊಣೆ ಹೊರುವುದಿಲ್ಲ.

ತಪ್ಪು ಕಲ್ಪನೆ: ಜಗತ್ತಿನ ವಿಷಯ ಕಟ್ಟಿಕೊಂಡು ನಮಗೇನಾಗಬೇಕು?

ವಾಸ್ತವ: 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಮರುವರ್ಷದ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸೇನೆಯೂ ಅರೆಸೇನಾ ಪಡೆಯೂ ಬಡಿದಾಡತೊಡಗಿದಾಗ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದವರು, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳವರು, ಕೆಲವರು ಮಕ್ಕಳು ಮರಿ ಸಮೇತ. ಮನೆಯವರು ಫೋನ್ ಹಿಡಿದು ಯಾರನ್ನು ಕೇಳಬೇಕೆಂದು ತಿಳಿಯದೆ ಒದ್ದಾಡಿದರು. 'ಆಪರೇಷನ್ ಕಾವೇರಿ'ಯಲ್ಲಿ ಪೋರ್ಟ್ ಸುಡಾನ್‌ಗೆ, ಅಲ್ಲಿಂದ ಜೆಡ್ಡಾಗೆ, ಅಲ್ಲಿಂದ ಭಾರತಕ್ಕೆ ಅವರನ್ನು ಕರೆತಂದರು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಎಂಬ ಗುರುತಿರುತ್ತದೆ. 18 ದೇಶಗಳಿಗೆ ಅವರು ಉದ್ಯೋಗಕ್ಕೆ ಹೋಗುವುದಾದರೆ, ಅವರ ರಕ್ಷಣೆಗೆಂದೇ, ವಲಸೆ ಅಧಿಕಾರಿಯ ಅನುಮತಿ ಬೇಕು. ಆ ಪಟ್ಟಿಯಲ್ಲಿ ಸುಡಾನ್ ಇದೆ, ಕೊಲ್ಲಿ ದೇಶಗಳೂ ಇವೆ. ಯಾವ ವೀಸಾದಲ್ಲಿ ಹೋದರೆ ಈ ರಕ್ಷಣೆ ಸಿಗುತ್ತದೆ, ಯಾವುದರಲ್ಲಿ ಹೋದರೆ ಸಿಗುವುದಿಲ್ಲ, ಅಲ್ಲಿಗೆ ಇಳಿದ ಮೇಲೆ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು ಹೇಗೆ, ದಲ್ಲಾಳಿ ಕೊಡುವ ಒಪ್ಪಂದದ ಕಾಗದದಲ್ಲಿ ಏನೇನು ನೋಡಬೇಕು ಎಂಬುದನ್ನು ಪಕ್ಷಿರಾಜಪುರದಲ್ಲೋ ಭಟ್ಕಳದಲ್ಲೋ ಕೂತು ಕನ್ನಡದಲ್ಲಿ ಹೇಳಿಕೊಡಬಲ್ಲ ಇಪ್ಪತ್ತೆರಡರ ಹುಡುಗ ಹುಡುಗಿಯರು ನಮಗೆ ಬೇಕು. ನನ್ನ ತರಗತಿಯ ಕೊನೆಯ ವರ್ಷದ ಯೋಜನಾ ವರದಿಗೆ ನಾಟೋ ಬಗ್ಗೆ ಬರೆಯುತ್ತೇನೆಂದು ಬರುವವರಿಗೆ ನಾನು ಈ ಊರುಗಳ ಹೆಸರನ್ನೂ ಕೊಡುತ್ತೇನೆ.